ಹಾರಾಟ ಸಮಿತಿಯ ಎತ್ತರ, ವೇಗ ಮತ್ತು ಇಳಿದಾಣದ ಕುರಿತು

ಇಲಾಖೆಯ ಮುಖ್ಯ ಕಚೇರಿ
ಎರಡನೇ ಮಹಡಿ, ಮೆಟ್ಟಿಲಿನ ಎಡಭಾಗ
(ಬಲಭಾಗದ ಬಾಗಿಲು ತೆರೆದರೆ ಗೋಡೆ ಸಿಗುತ್ತದೆ)

ಸಂಖ್ಯೆ: ರ.ದಾ./ಹಾ.ಸ./ಇತರೆ/೪೧(ಅ)

ಸುತ್ತೋಲೆ

ವಿಷಯ: ಅಗಲ ರಸ್ತೆಯ ಈಚೆ ಬದಿಯ ನಿವಾಸಿಗಳು ಸೇರಿ ಕಟ್ಟಿಕೊಂಡಿರುವ ‘ರಸ್ತೆ ದಾಟುವ ಹಾರಾಟ ಸಮಿತಿ’ಯ ಹಾರಾಟವನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ:
(೧) ಸದರಿ ನಿವಾಸಿಗಳ ಮೊದಲ ಮನವಿ (ಪರಿಶೀಲನೆಯಲ್ಲಿದೆ).
(೨) ಸದರಿಯವರ ಎರಡನೇ ಮನವಿ (ಮೊದಲ ಮನವಿಯ ಪರಿಶೀಲನೆ ಮುಗಿದ ನಂತರ ಪರಿಶೀಲಿಸಲಾಗುವುದು).
(೩) ಸದರಿಯವರು ಕಚೇರಿಯ ಗೇಟಿನ ಮುಂದೆ ಹಿಡಿದು ನಿಂತಿದ್ದ ಬ್ಯಾನರಿನ ಛಾಯಾಚಿತ್ರ.
(೪) ಗೇಟಿನ ಕಾವಲುಗಾರರ ಮೌಖಿಕ ಹೇಳಿಕೆ.

ಪ್ರಸ್ತಾವನೆ:

ಹಿಂದೆ ಗಲ್ಲಿಯಾಗಿದ್ದ ರಸ್ತೆಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಅಗಲಗೊಳಿಸಿ, ನಡುವೆ ಸೊಂಟದೆತ್ತರದ ಕಾಂಕ್ರೀಟ್ ಗೋಡೆಯನ್ನು ಕಟ್ಟಲಾಗಿರುತ್ತದೆ. ಅಂದಿನಿಂದ ಸಾರ್ವಜನಿಕರು ಕೆಲಸ ಮುಗಿದ ದಿನ ಯಾವ ಬದಿಯಲ್ಲಿದ್ದರೋ ಅದೇ ಬದಿಯಲ್ಲಿ ಉಳಿದುಕೊಂಡಿರುತ್ತಾರೆ. ಇದರಿಂದ ರಸ್ತೆಯ ಮೇಲೆ ಶಿಸ್ತು ಮೂಡಿದೆ.

ಹೀಗಿರುವಾಗ, ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುವ ವೃತ್ತಿಯವರೂ ಬಡಾವಣೆಯಲ್ಲಿ ‘ಕಾಜಾ ಅತ್ತೆ’ ಎಂದೇ ಪರಿಚಿತರೂ ಆದ ಮಹಿಳೆಯೊಬ್ಬರು, ರಸ್ತೆ ದಾಟಲು ಒಂದು ದಾರಿ ಬೇಕೆಂದು ಕೋರಿ ನಿವಾಸಿಗಳ ಪರವಾಗಿ ಮೇಲ್ಕಂಡ ಮನವಿಗಳನ್ನು ಸಲ್ಲಿಸಿದ್ದರು. ಇವರ ಸ್ವಂತ ಅಕ್ಕ ನೇರ ಎದುರು ಮನೆಯಲ್ಲಿ ವಾಸವಾಗಿದ್ದು, ಅವರ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ಅದು ಪೂರ್ತಿ ಮಂಜಾಗುವ ಮೊದಲು ಒಂದು ಸಲವಾದರೂ ಎದುರಿಗೆ ಹೋಗಿ ಕೂರಬೇಕು ಎಂಬುದು ಮನವಿಯ ಸಾರಾಂಶ. ಈಗಾಗಲೇ ಎದುರಿಗೇ ಇದ್ದೀರಿ ಎಂದು ಇಲಾಖೆಯು ಉತ್ತರಿಸಿತ್ತು. ಆಟೋದಲ್ಲಿ ಸುತ್ತು ಹಾಕಿ ಹೋಗಬಹುದೆಂದೂ ಸಲಹೆ ನೀಡಲಾಗಿತ್ತು. ‘ಎಲ್ಲಿಗಮ್ಮಾ ಅಂತ ಕೇಳ್ತಾರೆ, ನಾನು ಕೈ ತೋರಿಸಿ ಅಗೋ ಅಲ್ಲಿಗೆ ಅಂತೀನಿ, ನಕ್ಕು ಹೋಗ್ಬಿಡ್ತಾರೆ’ ಎಂದು ಅವರು ಮರುನುಡಿದಿರುತ್ತಾರೆ.

ತರುವಾಯ ಕಾಜಾ ಅತ್ತೆಯವರ ಅಧ್ಯಕ್ಷತೆಯಲ್ಲಿ, ಬಡಾವಣೆಯ ಕ್ಷೌರಿಕರು ಕಾರ್ಯದರ್ಶಿಯಾಗಿ, ಒಂದು ಸಮಿತಿ ರಚನೆಯಾಗಿ, ಅದರ ಬ್ಯಾನರ್ ಇಲಾಖೆಯ ಗಮನಕ್ಕೆ ಬಂದಿದ್ದು, ವಿಷಯವನ್ನು ಅದರ ಅಕ್ಷರಶಃ ಗಾಂಭೀರ್ಯದೊಂದಿಗೆ ಪರಿಗಣಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಹೆಸರು. ಬ್ಯಾನರಿನಲ್ಲಿರುವ ‘ಹಾರಾಟ’ವನ್ನು ‘ಹೋರಾಟ’ ಎಂದು ಓದಿಕೊಳ್ಳಬೇಕೆಂದು ಸಮಿತಿಯು ಮೊದಮೊದಲು ಕೋರಿತ್ತು. ಬ್ಯಾನರ್ ಬರೆದ ಪೇಂಟರನ್ನು ವಿಚಾರಿಸಲಾಗಿ, ‘ಅವ್ರು ತಂದುಕೊಟ್ಟ ಬಟ್ಟೇನೇ ಇಷ್ಟಗಲ ಸಾರ್. ಹೋ ಬರೀಬೇಕು ಅಂದ್ರೆ ಸುತ್ತು ಬೇಕು, ಪಕ್ಕಕ್ಕೊಂದು ದೀರ್ಘ ಬೇಕು. ಅದಕ್ಕೆಲ್ಲ ಜಾಗ ಕೊಟ್ಟಿದ್ರೆ ಸಮಿತಿ ಬಟ್ಟೆಯಿಂದ ಆಚೆ ಬೀಳ್ತಿತ್ತು’ ಎಂದು ತಿಳಿಸಿರುತ್ತಾರೆ. ಬಟ್ಟೆಯ ಕೊರತೆಯು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಬರೆದದ್ದನ್ನು ಬರೆದಂತೆಯೇ ಓದಲಾಗಿದೆ.

೨. ಸಾಕ್ಷ್ಯ. ಸಮಿತಿಯ ಸದಸ್ಯರು ನಿಜಕ್ಕೂ ಹಾರುತ್ತಾರೆಯೇ ಎಂಬ ಸಂಶಯ ಲೆಕ್ಕಶಾಖೆಯಿಂದ ವ್ಯಕ್ತವಾಗಿತ್ತು. ಆದರೆ ಗೇಟಿನ ಕಾವಲುಗಾರರು ಕರ್ತವ್ಯದಲ್ಲಿದ್ದಾಗ, ಸಮವಸ್ತ್ರದಲ್ಲಿ, ಅಧ್ಯಕ್ಷೆಯವರನ್ನು ಉದ್ದೇಶಿಸಿ ‘ಏನಮ್ಮಾ, ದಿನಾ ಬರ್ತೀರಾ, ನಿಮ್ಮ ಹಾರಾಟ ಜಾಸ್ತಿ ಆಯ್ತಲ್ಲಾ!’ ಎಂದಿರುವುದು ದಾಖಲಾಗಿದೆ. ಇಲಾಖೆಯ ನೌಕರರೊಬ್ಬರ ಈ ಹೇಳಿಕೆಯಿಂದ ಹಾರಾಟವು ನಡೆಯುತ್ತಿರುವುದು ಮಾತ್ರವಲ್ಲ, ಅದು ಹೆಚ್ಚಾಗಿರುವುದೂ ದೃಢಪಟ್ಟಿದೆ. ಇದಲ್ಲದೆ, ಎರಡನೇ ಮನವಿಯ ಕೊನೆಯಲ್ಲಿ ‘ಬೇಡಿಕೆ ಈಡೇರದಿದ್ದರೆ ಬೀದಿಗಿಳಿಯುತ್ತೇವೆ’ ಎಂಬ ಒಪ್ಪಿಗೆಯ ಮಾತಿದೆ. ಇಳಿಯಬೇಕಾದವರು ಅದಕ್ಕೂ ಮೊದಲು ಮೇಲಿರಬೇಕಾದುದು ಸಹಜವಾದ್ದರಿಂದ ಲೆಕ್ಕಶಾಖೆಯ ಸಂಶಯವನ್ನು ಮುಕ್ತಾಯಗೊಳಿಸಲಾಗಿದೆ.

೩. ರೆಕ್ಕೆ. ವಿಚಾರಣೆಯ ವೇಳೆ ಕಾರ್ಯದರ್ಶಿಯವರು ‘ದಾಟೋಕೆ ದಾರಿ ಕೊಡ್ರೀ ಅಂದ್ರೆ ಹಾರೋದು ಹೆಂಗೆ ಅಂತ ಕೇಳ್ತೀರಲ್ಲಾ, ನಮಗೇನು ರೆಕ್ಕೆ ಇದೆಯೇನ್ರೀ?’ ಎಂದು ಪ್ರಶ್ನಿಸಿದ್ದು, ಅದನ್ನು ಸ್ವಯಂಘೋಷಣೆ ಎಂದು ಪರಿಗಣಿಸಿ ಸಮಿತಿಯನ್ನು ‘ರೆಕ್ಕೆರಹಿತ’ ವರ್ಗದಲ್ಲಿ ಸೇರಿಸಲಾಗಿದೆ. ಈ ವರ್ಗದವರು:

(ಅ) ಬಿಚ್ಚಿದ ಕೊಡೆಯೊಂದಿಗೆ ಹಾರುವಂತಿಲ್ಲ. ಮಳೆ ಬಂದಲ್ಲಿ ನೆನೆಯತಕ್ಕದ್ದು.
(ಆ) ಕ್ಷೌರದಂಗಡಿಯಲ್ಲಿ ಗಿರಾಕಿಗಳ ಕುತ್ತಿಗೆಗೆ ಕಟ್ಟುವ ಬಟ್ಟೆಯನ್ನು ಧರಿಸಿ ಹೊರಬರುವಂತಿಲ್ಲ. ಗಾಳಿ ತುಂಬಿ ಅನುಮತಿಗಿಂತ ಮೇಲೆ ಹೋಗುವ ಸಂಭವವಿರುತ್ತದೆ. ಅರ್ಧ ಕ್ಷೌರವಾಗಿರುವ ಗಿರಾಕಿಗಳಿಗೂ ಇದು ಅನ್ವಯಿಸುತ್ತದೆ.
(ಇ) ನೆಲಕ್ಕೆ ಒಂದೊಂದೇ ಕಾಲನ್ನು ಊರುತ್ತ, ಇನ್ನೊಂದನ್ನು ಎತ್ತುತ್ತ ಮುಂದುವರಿಯಬಹುದು. ಎತ್ತಿದ ಕಾಲನ್ನು ಹಾರಾಟದಲ್ಲಿದೆ ಎಂದು ಪರಿಗಣಿಸಲಾಗುವುದು.

೪. ಎತ್ತರ. ಸ್ಥಳೀಯ ಬೇಡಿಕೆಗಳಿಗಾಗಿ ಹಾರುವವರು ಪಾದದ ಗಂಟಿಗಿಂತ ಮೇಲೆ ಹಾರತಕ್ಕದ್ದಲ್ಲ. ರಾಷ್ಟ್ರೀಯ ಬೇಡಿಕೆಗಳಿಗಾಗಿ ಹಾರುವವರಿಗೆ ಹೆಚ್ಚಿನ ಎತ್ತರ ಬೇಕಾಗುವುದರಿಂದ ಮೇಲಿನ ಇಲಾಖೆಯ ಅನುಮತಿ ಅಗತ್ಯ. ಸಮಿತಿಯು ಇತ್ತೀಚೆಗೆ ‘ದೇಶದ ಯಾವ ರಸ್ತೆಯನ್ನೂ ನಡೆಯುವವರನ್ನು ಮರೆತು ಕಟ್ಟಬೇಡಿ’ ಎಂಬ ಎರಡನೇ ಬ್ಯಾನರನ್ನು ಬರೆಸಿದ್ದು, ಒಂದೇ ಸಮಿತಿ ಒಂದೇ ಸಲಕ್ಕೆ ಎರಡು ಎತ್ತರದಲ್ಲಿ ಹಾರುವುದು ಹೇಗೆಂಬ ಜಿಜ್ಞಾಸೆ ಉಂಟಾಗಿತ್ತು. ಮೇಲಿನ ಇಲಾಖೆಯವರು ಅದಕ್ಕೂ ಮೇಲಿನ ಇಲಾಖೆಯನ್ನು ಕೇಳಿದ್ದು, ಅಲ್ಲಿ ಫೋನು ಎತ್ತುತ್ತಿಲ್ಲ. ಆದ್ದರಿಂದ ತಾತ್ಕಾಲಿಕವಾಗಿ, ರಾಷ್ಟ್ರೀಯ ಬ್ಯಾನರನ್ನು ತಲೆಯ ಮೇಲೆ ಎತ್ತಿ ಹಿಡಿಯಬಹುದು. ಹಿಡಿದವರ ಕಾಲುಗಳು ಮಾತ್ರ ಸ್ಥಳೀಯ ಮಟ್ಟದಲ್ಲಿಯೇ ಇರತಕ್ಕದ್ದು.

೫. ಶಬ್ದ. ‘ಬೇಕೇ ಬೇಕು, ದಾರಿ ಬೇಕು’ ಮುಂತಾದ ಘೋಷಣೆಗಳನ್ನು ಎಂಜಿನ್ ಸದ್ದು ಎಂದು ಪರಿಗಣಿಸಲಾಗಿದೆ. ಎಂಜಿನ್ ಬಿಸಿಯಾಗುವವರೆಗೆ ಕೂಗಬಹುದು. ಬಿಸಿಯಾದ ಮೇಲೂ ಕೂಗುತ್ತಿರುವುದು ಇಂಧನದ ಅಪವ್ಯಯ. ಗಂಟಲು ಕಟ್ಟಿದ ಸದಸ್ಯರನ್ನು ದುರಸ್ತಿಯಲ್ಲಿದ್ದಾರೆಂದು ತಿಳಿಯುವುದು.

೬. ಸರಕು ಸಾಗಣೆ. ಅಕ್ಕನವರು ಆಚೆ ಬದಿಯಲ್ಲಿ ಅಂಗಿ ಹೊಲಿಯುತ್ತಾರೆ. ತಂಗಿಯವರು ಈಚೆ ಬದಿಯಲ್ಲಿ ಅವೇ ಅಂಗಿಗಳಿಗೆ ಕಾಜಾ ಹಾಕುತ್ತಾರೆ. ರಸ್ತೆ ಅಗಲವಾದ ಮೇಲೆ ಅಂಗಿ ಆಚೆ, ಕಾಜಾ ಈಚೆ ಉಳಿದು, ಬಡಾವಣೆಯ ಗಂಡಸರು ಅಂಗಿಯ ಎದೆಗೆ ಪಿನ್ನು ಚುಚ್ಚಿಕೊಂಡು ಓಡಾಡುತ್ತಿರುವುದು ಕಂಡುಬಂದಿದೆ. ಈ ಬಗ್ಗೆ ಖುದ್ದು ವರದಿ ತರಲು ಸ್ಥಳ ಪರಿಶೀಲನಾಧಿಕಾರಿಗಳನ್ನು ಇಲಾಖೆಯ ಜೀಪಿನಲ್ಲಿ ಆಚೆ ಬದಿಗೆ ಕಳುಹಿಸಲಾಗಿತ್ತು. ಜೀಪು ಬೇರೆ ಕೆಲಸಕ್ಕೆ ಹೋಗಿದ್ದು, ಅಧಿಕಾರಿಗಳು ಇನ್ನೂ ಆಚೆ ಬದಿಯಲ್ಲೇ ಇರುತ್ತಾರೆ. ಅವರು ಅಕ್ಕನವರ ಮನೆಯ ಜಗಲಿಯಲ್ಲಿ ತಂಗಿದ್ದು, ವರದಿಯನ್ನು ಫೋನಿನಲ್ಲಿ ನೀಡುತ್ತಿದ್ದಾರೆ. ಒಂದೇ ಅಂಗಿಯಲ್ಲಿ ಹೋಗಿದ್ದ ಕಾರಣ ಅಕ್ಕನವರು ಅವರಿಗೊಂದು ಹೊಸ ಅಂಗಿ ಹೊಲಿದುಕೊಟ್ಟಿದ್ದಾರೆ. ಕಾಜಾ ಬಾಕಿ ಇದೆ. ಸಾರ್ವಜನಿಕ ಹಿತದೃಷ್ಟಿಯಿಂದ, ಕೈಯಲ್ಲಿ ಹಿಡಿಯುವಷ್ಟು ಅಂಗಿಗಳನ್ನು ಹಾರಾಟದಲ್ಲಿ ಒಯ್ಯಲು ಅವಕಾಶ ನೀಡಲಾಗಿದೆ.

೭. ಸನ್ನೆಗಳು. ಸ್ಥಳ ಪರಿಶೀಲನಾಧಿಕಾರಿಗಳು ಫೋನಿನಲ್ಲಿ ತಿಳಿಸಿರುವಂತೆ, ಅಕ್ಕತಂಗಿಯರು ಪ್ರತಿ ಸಂಜೆ ತಂತಮ್ಮ ಬಾಗಿಲಲ್ಲಿ ನಿಂತು, ಒಬ್ಬರನ್ನೊಬ್ಬರು ನೋಡುತ್ತ ಫೋನಿನಲ್ಲಿ ಮಾತನಾಡುತ್ತಾರೆ. ಅಧಿಕಾರಿಗಳ ಕಿವಿಗೆ ಬಿದ್ದ ಅಕ್ಕನವರ ಮಾತುಗಳು ಹೀಗಿವೆ: ‘ಊಟ ಬಿಟ್ಟಿದೀಯೇನೇ? ಇಲ್ಲಿಂದ ನೀನು ಸಣ್ಣ ಆಗಿದೀಯೋ ಇಲ್ಲ ನನ್ನ ಕಣ್ಣೇ ನಿನ್ನ ಸಣ್ಣ ಮಾಡ್ತಿದೆಯೋ ಗೊತ್ತಾಗಲ್ಲ ಕಣೇ. ಮುಂಚೆ ಮುಖ ಕಾಣ್ತಿತ್ತು. ಆಮೇಲೆ ಬಟ್ಟೆ ಬಣ್ಣ ಕಾಣ್ತಿತ್ತು. ಈಗ ನೀನು ಯಾವುದು, ಪಕ್ಕದ ದೀಪದ ಕಂಬ ಯಾವುದು ಅನ್ನೋದೇ ತಿಳೀದು. ಸ್ವಲ್ಪ ಅಲ್ಲಾಡೇ, ನೋಡೋಣ.’

ಇದನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ. ದೀಪದ ಕಂಬವು ಇಲಾಖೆಯ ಆಸ್ತಿ. ಅದನ್ನು ತಂಗಿ ಎಂದು ಭಾವಿಸಿ ಕೈಬೀಸುವುದು, ಊಟವಾಯಿತೇ ಎಂದು ವಿಚಾರಿಸುವುದು, ಉತ್ತರ ಬಾರದಿದ್ದಾಗ ಸಿಟ್ಟಾಗುವುದು ನಿಯಮಬಾಹಿರ. ಕಂಬಕ್ಕೆ ಯಾರೊಂದಿಗೂ ರಕ್ತಸಂಬಂಧವಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಗೊಂದಲ ನಿವಾರಣೆಗಾಗಿ ಕಂಬವನ್ನು ಸ್ಥಳಾಂತರಿಸಬೇಕೋ ತಂಗಿಯನ್ನು ಸ್ಥಳಾಂತರಿಸಬೇಕೋ ಎಂಬ ಬಗ್ಗೆ ಅಂದಾಜು ಪಟ್ಟಿ ತಯಾರಿಸಲಾಗಿ, ತಂಗಿಯನ್ನು ಸ್ಥಳಾಂತರಿಸುವುದೇ ಅಗ್ಗವೆಂದು ಕಂಡುಬಂದಿದೆ.

೮. (ಈ ಕಂಡಿಕೆಯನ್ನು ಬರೆಯಬೇಕಾದವರು ರಜೆಯಲ್ಲಿದ್ದಾರೆ. ಸಾರ್ವಜನಿಕರು ಅಲ್ಲಿಯವರೆಗೆ ಇದನ್ನು ಪಾಲಿಸತಕ್ಕದ್ದು.)

೯. ಅಡೆತಡೆ. ರಸ್ತೆ ನಡುವಿನ ಗೋಡೆ ಸೊಂಟದೆತ್ತರವಿದೆ. ಕಂಡಿಕೆ ೪ರ ಪ್ರಕಾರ ಸಮಿತಿಯು ಪಾದದ ಗಂಟಿಗಿಂತ ಮೇಲೆ ಹಾರುವಂತಿಲ್ಲ. ಈ ಎರಡನ್ನೂ ಏಕಕಾಲದಲ್ಲಿ ಪಾಲಿಸಿದರೆ ಸದಸ್ಯರು ಗೋಡೆಗೆ ಢಿಕ್ಕಿ ಹೊಡೆಯುತ್ತಾರೆ. ಕಂಡಿಕೆ ೪ಕ್ಕೆ ಈಗಾಗಲೇ ಸಹಿಯಾಗಿರುವುದರಿಂದ ಅದನ್ನು ಬದಲಿಸಲು ಬರುವುದಿಲ್ಲ. ಆದುದರಿಂದ ಕಾಜಾ ಅತ್ತೆಯವರ ಬಾಗಿಲಿನ ನೇರಕ್ಕೆ ಗೋಡೆಯನ್ನು ಒಡೆದು, ಇಬ್ಬರು ಪಕ್ಕಪಕ್ಕದಲ್ಲಿ ಹಾರಬಹುದಾದಷ್ಟು ಅಗಲದ ಕಿಂಡಿ ಬಿಡತಕ್ಕದ್ದು. ಈ ಕೆಲಸಕ್ಕೆ ‘ಕಾಜಾ’ ಎಂದು ಹೆಸರಿಡುವಂತೆ ಗುತ್ತಿಗೆದಾರರು ಕೋರಿದ್ದು, ಕೋರಿಕೆಯನ್ನು ತಿರಸ್ಕರಿಸಲಾಗಿದೆ.

೧೦. ಇಳಿದಾಣ. ಹಾರುವವರು ಎಲ್ಲೆಂದರಲ್ಲಿ ಬೀದಿಗಿಳಿಯುವುದನ್ನು ತಡೆಯಲು, ರಸ್ತೆಗೆ ಅಡ್ಡಲಾಗಿ ಬಿಳಿಯ ದಪ್ಪ ಪಟ್ಟೆಗಳನ್ನು ಎಳೆದು ಓಡುದಾರಿಯನ್ನು ಗುರುತಿಸತಕ್ಕದ್ದು. ಕಣ್ಣು ಮಂಜಾದವರಿಗೂ ಕಾಣುವಷ್ಟು ಬಿಳುಪಿರಬೇಕು. ಬಣ್ಣ ಬಳಿಯಲು ಬ್ಯಾನರ್ ಬರೆದ ಪೇಂಟರನ್ನೇ ನೇಮಿಸಲಾಗಿದೆ. ಅವರಿಗೆ ಈ ಬಾರಿ ಜಾಗದ ಕೊರತೆ ಇರುವುದಿಲ್ಲ.

೧೧. ವಾಹನಗಳು. ಹಾರಾಟ ನಡೆಯುತ್ತಿರುವಾಗ ಓಡುದಾರಿಯ ಮೇಲೆ ವಾಹನಗಳು ಬರುವುದು ಎಲ್ಲ ಹಾರಾಟ ನಿಯಮಗಳಿಗೂ ವಿರುದ್ಧ. ಆದ್ದರಿಂದ ಎರಡೂ ಬದಿಯಲ್ಲಿ ಕೆಂಪು ದೀಪ ಅಳವಡಿಸಲಾಗುವುದು. ಸದಸ್ಯರು ಗುಂಡಿ ಒತ್ತಿದ ಕೂಡಲೇ ಲಾರಿ, ಬಸ್ಸು, ಕಾರುಗಳೆಲ್ಲವೂ ನಿಲ್ಲತಕ್ಕದ್ದು. ಅತ್ಯಂತ ನಿಧಾನವಾಗಿ ಹಾರುವ ಸದಸ್ಯರ ಎರಡನೇ ಕಾಲು ಆಚೆ ಬದಿಯ ನೆಲ ಮುಟ್ಟುವವರೆಗೆ ದೀಪ ಕೆಂಪಾಗಿಯೇ ಇರತಕ್ಕದ್ದು. ಹಾರ್ನ್ ಹೊಡೆದ ಚಾಲಕರನ್ನು ಕೆಳಗಿಳಿಸಿ ಒಮ್ಮೆ ಹಾರಿಸಲಾಗುವುದು.

೧೨. ತಿದ್ದುಪಡಿ. ಈ ಹಂತದಲ್ಲಿ, ನ್ಯಾಯದ ದೃಷ್ಟಿಯಿಂದ, ಸಮಿತಿಯ ಹೆಸರನ್ನು ‘ಹೋರಾಟ’ ಎಂದು ತಿದ್ದಿಕೊಳ್ಳಲು ಅಂತಿಮ ಅವಕಾಶ ನೀಡಲಾಗಿತ್ತು. ಹೋರಾಟ ಸಮಿತಿಗಳ ಕಡತಗಳು ಮೆಟ್ಟಿಲಿನ ಬಲಭಾಗದ ಕೋಣೆಯಲ್ಲಿ ಪರಿಶೀಲನೆಗೆ ಒಳಪಡುತ್ತವೆ ಎಂಬುದನ್ನೂ ತಿಳಿಸಲಾಗಿತ್ತು. ಕಾರ್ಯದರ್ಶಿಯವರು ‘ತಿದ್ದಿಬಿಡೋಣ ಅತ್ತೆ, ಮರ್ಯಾದೆ ಪ್ರಶ್ನೆ. ಕಟಿಂಗಿಗೆ ಬಂದೋರೆಲ್ಲ ಕೊಕ್ಕು ಎಲ್ಲಪ್ಪಾ ಅಂತ ಕೇಳ್ತಿದಾರೆ’ ಎಂದು ಒತ್ತಾಯಿಸಿದರು. ಅಧ್ಯಕ್ಷೆಯವರು ‘ಸುಮ್ನಿರೋ. ಹೋರಾಡಿದಾಗ ಒಬ್ರೂ ತಲೆ ಎತ್ತಿ ನೋಡ್ಲಿಲ್ಲ. ಹಾರ್ತೀವಿ ಅಂದಮೇಲೆ ಗೋಡೆ ಒಡೀತಿದಾರೆ. ಹಾರಾಟ ಅಂತಾನೇ ಇರ್ಲಿ ಸಾಹೇಬ್ರೇ, ಎಲ್ಲಿ ಸಹಿ ಹಾಕ್ಬೇಕು?’ ಎಂದರು. ಸಹಿ ಪಡೆಯಲಾಗಿದೆ.

೧೩. ಇತರರು. ಈ ಅನುಮತಿಯನ್ನು ಪೂರ್ವನಿದರ್ಶನವೆಂದು ಭಾವಿಸತಕ್ಕದ್ದಲ್ಲ. ಅಕ್ಕಪಕ್ಕದ ಬಡಾವಣೆಗಳಲ್ಲಿ ಕುಡಿಯುವ ನೀರಿನ ಹಾರಾಟ, ಮುಚ್ಚಿದ ಶಾಲೆಯ ಹಾರಾಟ, ದೇಶದ ನದಿಗಳ ಹಾರಾಟ ಮುಂತಾದ ಬ್ಯಾನರುಗಳು ದಿಢೀರನೆ ಕಾಣಿಸಿಕೊಂಡಿದ್ದು, ಪೇಂಟರುಗಳಿಗೆ ಅಗಲವಾದ ಬಟ್ಟೆ ಮಾರುವಂತೆ ಅಂಗಡಿಯವರಿಗೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

ಮೇಲ್ಕಂಡ ಎಲ್ಲವೂ ಕೆಂಪು ದೀಪ ಹತ್ತಿದ ಗಳಿಗೆಯಿಂದ ಜಾರಿಗೆ ಬರತಕ್ಕದ್ದು.

(ಸಹಿ ಇದೆ, ಓದಲು ಬರುವುದಿಲ್ಲ)
ಅಧೀನ ಕಾರ್ಯದರ್ಶಿ (ನೆಲ), ಹೆಚ್ಚುವರಿ ಪ್ರಭಾರ (ಆಕಾಶ)

ಪ್ರತಿಗಳು:
೧. ಮೇಲಿನ ಇಲಾಖೆಗೆ, ಮಾಹಿತಿಗಾಗಿ.
೨. ಅದಕ್ಕೂ ಮೇಲಿನ ಇಲಾಖೆಗೆ, ಫೋನು ಎತ್ತುವಂತೆ ಕೋರಿ.
೩. ಗೇಟಿನ ಕಾವಲುಗಾರರಿಗೆ, ಇನ್ನು ಮುಂದೆ ಸಾರ್ವಜನಿಕರೊಂದಿಗೆ ಅಳೆದು ಮಾತನಾಡುವಂತೆ ಎಚ್ಚರಿಸಿ.
೪. ಗುತ್ತಿಗೆದಾರರಿಗೆ, ಗೋಡೆಯನ್ನು ಒಡೆದ ಮೇಲೆ ಮತ್ತೆ ಕಟ್ಟದಂತೆ ಸೂಚಿಸಿ.
೫. ಸ್ಥಳ ಪರಿಶೀಲನಾಧಿಕಾರಿಗಳಿಗೆ, ಕೂಡಲೇ ಹಾರಿ ಕಚೇರಿಗೆ ಹಾಜರಾಗಲು. ಜಗಲಿಯಲ್ಲಿ ಕಳೆದ ದಿನಗಳನ್ನು ರಜೆಯೆಂದು ಪರಿಗಣಿಸಲಾಗಿದೆ.
೬. ದೀಪದ ಕಂಬಕ್ಕೆ, ಅಂಟಿಸಲು.
೭. ಎದುರು ಮನೆಯ ಅಕ್ಕನವರಿಗೆ. ಅಂಚೆಯಲ್ಲಿ ಕಳುಹಿಸಿರುವುದಿಲ್ಲ. ಸಮಿತಿಯ ಅಧ್ಯಕ್ಷೆಯವರು ಮೊದಲ ಹಾರಾಟದಲ್ಲಿ ಖುದ್ದಾಗಿ ಒಯ್ದು, ಅಕ್ಕನವರಿಗೆ ತಮ್ಮ ಮುಖ ಕಾಣುವಷ್ಟು ಹತ್ತಿರ ಕುಳಿತು, ಓದಿ ಹೇಳತಕ್ಕದ್ದು.