ಸೇಬಿನ ಮರಕ್ಕೆ ಜಾಮೀನು

ಶೋದ್‌ಮೋನನ ಅಂಗಳದ ಸೇಬಿನ ಮರ ಹೂ ಬಿಡುವುದರಲ್ಲಿ ಎತ್ತಿದ ಕೈ. ಕಾಯಿಯ ಮಾತು ಬಂದರೆ ಮಾತ್ರ ಕೈ ಎತ್ತಿಬಿಡುತ್ತಿತ್ತು. ಅದನ್ನು ಯಾರೂ ನೆಟ್ಟದ್ದಲ್ಲ. ಯಾವುದೋ ಹಕ್ಕಿ ಎಲ್ಲೋ ಹಣ್ಣು ತಿಂದು ಇಲ್ಲಿ ಹಿಕ್ಕೆ ಹಾಕಿ ಹೋಗಿತ್ತು, ಅಷ್ಟೆ.

ಶೋದ್‌ಮೋನನಿಗೆ ಹಣ್ಣಿನ ಗೊಡವೆಯೂ ಇರಲಿಲ್ಲ. ಆ ನೆರಳಲ್ಲಿ ಅವನ ಮಂಚವಿತ್ತು. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ಗಂಟಲು ಒಣಗಿಸಿಕೊಂಡು ಬಂದವನು ಅದರ ಮೇಲೆ ಕಾಲು ಚಾಚಿ ಹಸಿರು ಚಹಾದ ಬಟ್ಟಲು ಹಿಡಿದನೆಂದರೆ ಬಾದಶಹನಿಗೂ ಸೊಪ್ಪು ಹಾಕುತ್ತಿರಲಿಲ್ಲ. ಈ ಲೋಕದಲ್ಲಿ ತನ್ನದು ಎಂದು ಹೇಳಿಕೊಳ್ಳಲು ಅವನಿಗೆ ಇದ್ದ ಜಾಗ ಅದೊಂದೇ.

ಹೆಂಡತಿ ಸವ್ರಿಗೆ ಅದೇ ಜಾಗದಲ್ಲಿ ರೊಟ್ಟಿ ಸುಡುವ ತಂದೂರು ಬೇಕಿತ್ತು.

"ಈ ಗೊಡ್ಡು ಮರ ಇಟ್ಕೊಂಡು ಏನ್ ಮಾಡ್ತೀರಿ? ಇವತ್ತು ಕಡೀರಿ, ನಾಳೆ ಒಲೆ ಹಾಕಿಸ್ತೀನಿ," ಎಂದಳು ಬೆಳಿಗ್ಗೆ.

"ಒಂದ್ಸಲ ಹೆದರಿಸಿ ನೋಡೋಣ ಕಣೆ. ಹಿರಿಯರ ಪದ್ಧತಿ," ಎಂದ ಶೋದ್‌ಮೋನ್.

"ಹೆದರಿಸಿ. ಜಾಮೀನು ಯಾರೂ ಕೊಡದಿದ್ರೆ ಮಾತಿಗೆ ತಪ್ಪಬಾರದು, ನೋಡಿ."

ನಮ್ಮ ಕಣಿವೆಯಲ್ಲಿ ಹೂವಿನ ಕಾಲದಲ್ಲಿ ಕಾಯಿ ಬಿಡದ ಮರಕ್ಕೆ ಯಜಮಾನ ಕೊಡಲಿ ಎತ್ತಿ ಗದರಬೇಕು. ಹೊರಗಿನವರೊಬ್ಬರು ಬಂದು ಕೈ ಹಿಡಿದು, ಈ ವರ್ಷ ಕಾಯಿ ಬಿಡುತ್ತದೆ, ನಾನು ಜಾಮೀನು ಎನ್ನಬೇಕು. ಆಮೇಲೆ ವರ್ಷದ ಮಟ್ಟಿಗೆ ಮರದ ತಂಟೆಗೆ ಯಾರೂ ಹೋಗುವಂತಿಲ್ಲ. ಜಾಮೀನು ಸಿಗದಿದ್ದರೆ ಎತ್ತಿದ ಕೊಡಲಿ ಮರಕ್ಕೇ ಬೀಳಬೇಕು.

ಶೋದ್‌ಮೋನ್ ಪಕ್ಕದ ಮನೆಯ ಖುಶ್ವಕ್ತನ ಬಳಿ ಮೊದಲೇ ಮಾತಾಡಿಟ್ಟುಕೊಂಡ. ಖುಶ್ವಕ್ತ್ ಜೇನು ಸಾಕುವವನು, ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದ ಮನುಷ್ಯ. "ಆಗ್ಲಿ ಬಿಡು," ಎಂದಷ್ಟೇ ಹೇಳಿದ.

ಮಧ್ಯಾಹ್ನ ಶೋದ್‌ಮೋನ್ ಕೊಡಲಿ ಎತ್ತಿ, ಬೀದಿಗೆಲ್ಲ ಕೇಳುವಂತೆ, "ಈ ವರ್ಷನೂ ಕಾಯಿ ಬಿಡಲ್ವಾ? ಕಡಿದು ಒಲೆಗೆ ಹಾಕ್ತೀನಿ," ಎಂದ. ಖುಶ್ವಕ್ತನ ಸುಳಿವಿಲ್ಲ. ಮತ್ತೊಮ್ಮೆ ಇನ್ನೂ ಜೋರಾಗಿ ಗದರಿದ. ಬಂದದ್ದು ಎದುರುಮನೆಯ ಒಫ್ತೋಬ್ ಅಜ್ಜಿ.

"ಅಜ್ಜಿ, ಕೈ ಹಿಡ್ಕೊಳ್ಳಿ ಅಜ್ಜಿ," ಎಂದು ಅವನು ಪಿಸುಗುಟ್ಟಿದ.

"ಯಾಕಪ್ಪಾ ಹಿಡೀಲಿ? ಕಡಿ, ಕಡಿ. ನಮ್ಮನೆ ಮಾಳಿಗೆ ಮೇಲೆ ದ್ರಾಕ್ಷಿ ಒಣಗಿಸೋಕೆ ಇದರ ನೆರಳೇ ಅಡ್ಡ," ಎಂದು ಅಜ್ಜಿ ಅವನ ಮಂಚದ ಮೇಲೆ ಆರಾಮವಾಗಿ ಕೂತುಬಿಟ್ಟಳು. ಸವ್ರಿ ಅಜ್ಜಿಗೆ ಚಹಾ ತಂದಳು.

ಅಷ್ಟರಲ್ಲಿ ಬಡಗಿ ನಜರ್ ಗರಗಸದ ಸಮೇತ ಹಾಜರಾದ. ದಾರಿಯಲ್ಲಿ ಹೋಗುವಾಗ ಮಾತು ಕಿವಿಗೆ ಬಿದ್ದಿತ್ತಂತೆ. ಕಾಂಡವನ್ನು ತಬ್ಬಿ ನೋಡಿ, "ಎರಡು ತೊಟ್ಟಿಲಾಗುತ್ತೆ. ಮೇಷ್ಟ್ರೇ, ಕೊಡಲಿ ಯಾಕೆ? ಗರಗಸದಲ್ಲಾದ್ರೆ ನೀಟಾಗಿ ಬರುತ್ತೆ," ಎಂದ.

"ನಜರ್, ಜಾಮೀನು ಕೊಡೋ."

"ನಮ್ಮ ಷಡ್ಡಕನಿಗೆ ಜಾಮೀನು ನಿಂತು ಒಂದು ಹಸು ಕಳ್ಕೊಂಡಿದ್ದೀನಿ, ಮೇಷ್ಟ್ರೇ. ಮನುಷ್ಯರನ್ನೇ ನಂಬೋ ಹಾಗಿಲ್ಲ, ಇನ್ನು ಮರ ನಂಬಲಾ?"

ಶೋದ್‌ಮೋನನ ತೋಳು ಸೋಲತೊಡಗಿತು. ಕೊಡಲಿ ಇಳಿಸಿದರೆ ಮರ ಹೋಯಿತು. ಇಳಿಸದಿದ್ದರೆ ತೋಳು ಹೋಯಿತು. ಪಾಪ, ಆ ಹೊತ್ತಿಗೆ ಅವನಿಗೆ ನಿಜಕ್ಕೂ ಅಳು ಬಂದಿತ್ತು.

"ಇನ್ನೆಷ್ಟು ಹೊತ್ತು ಕಾಯ್ತೀರಿ?" ಎಂದಳು ಸವ್ರಿ.

ಆಗ ಗೋಡೆ ಸಂದಿನಿಂದ ಖುಶ್ವಕ್ತ್ ಬಂದ. ಫೋನನ್ನು ಜೇಬಿಗಿಳಿಸುತ್ತ, ಏನೂ ಅವಸರವಿಲ್ಲದವನಂತೆ ಶೋದ್‌ಮೋನನ ಮಣಿಕಟ್ಟು ಹಿಡಿದ.

"ಬೇಡ ಕಣಪ್ಪ. ಈ ವರ್ಷ ಕಾಯಿ ಬಿಟ್ಟೇ ಬಿಡುತ್ತೆ. ನಾನು ಜಾಮೀನು."

"ಯಾವ ಧೈರ್ಯದ ಮೇಲೆ ಹೇಳ್ತಿದ್ದೀ?" ಎಂದು ಅಜ್ಜಿ ಕೇಳಿದಳು.

"ಮರದ್ದೇನೂ ತಪ್ಪಿಲ್ಲ ಅಜ್ಜಿ. ಬೀದೀಲಿ ಇರೋದೇ ಇದೊಂದು ಸೇಬಿನ ಮರ. ತನ್ನ ಹೂವಿನ ಪುಡಿ ತನಗೇ ಬಿದ್ರೆ ಇದಕ್ಕೆ ಕಾಯಿ ಕಚ್ಚಲ್ಲ. ಬೇರೆ ಜಾತಿ ಸೇಬಿನ ಹೂವಿಂದ ಪುಡಿ ಬರಬೇಕು, ಅದನ್ನ ಜೇನು ತರಬೇಕು. ಚಳಿಗಾಲಕ್ಕೆ ಬಯಲುಸೀಮೆಗೆ ಹೋಗಿರೋ ನನ್ನ ಜೇನುಪೆಟ್ಟಿಗೆಗಳು ಈ ಸಂಜೆ ಲಾರೀಲಿ ವಾಪಸ್ ಬರ್ತಾವೆ. ದಾರೀಲಿ ತಮ್ಮನ ತೋಟದಿಂದ ಹೂವಿರೋ ಸೇಬಿನ ಕೊಂಬೆಗಳನ್ನೂ ಹಾಕಿಸ್ಕೊಂಡಿದ್ದೀನಿ. ಅವನ್ನ ಬಕೆಟ್ ನೀರಲ್ಲಿಟ್ಟು ಮರಕ್ಕೆ ತೂಗುಹಾಕಿದ್ರೆ ಆಯ್ತು. ಮಿಕ್ಕ ಕೆಲಸ ಹುಳಗಳದ್ದು."

ಶೋದ್‌ಮೋನ್ ಕೊಡಲಿ ಬಿಸುಟು ಅವನನ್ನು ತಬ್ಬಿಕೊಂಡ. ಪೆಟ್ಟಿಗೆಗಳಿಗೆ ತಮ್ಮ ಅಂಗಳದಲ್ಲಿ ಜಾಗ ಕೊಟ್ಟರೆ ವರ್ಷಕ್ಕೊಂದು ಪಾತ್ರೆ ಜೇನುತುಪ್ಪ ಮನೆಗೆ ಬರುತ್ತದೆಂದು ತಿಳಿದ ಸವ್ರಿಯೂ ತಂದೂರಿನ ಮಾತು ಬಿಟ್ಟಳು. ನಜರ್ ಮಾತ್ರ ಕಾಂಡವನ್ನು ಇನ್ನೊಮ್ಮೆ ತಬ್ಬಿ ನೋಡಿ ಹೊರಟುಹೋದ.

ಸಂಜೆ ಲಾರಿ ಬಂತು. ಶೋದ್‌ಮೋನನೇ ಮುಂದೆ ನಿಂತು ಪೆಟ್ಟಿಗೆ ಇಳಿಸಿದ, ಕೊಂಬೆ ತೂಗುಹಾಕಿದ.

"ಮಂಚ ಸ್ವಲ್ಪ ಆಚೆ ತಳ್ಳು. ಜೇನಿಗೆ ನೆರಳು ಬೇಕು," ಎಂದ ಖುಶ್ವಕ್ತ್. ಮಂಚ ತಳ್ಳಿದರು. "ಇನ್ನೂ ಸ್ವಲ್ಪ." ಮತ್ತೆ ತಳ್ಳಿದರು. ಪೆಟ್ಟಿಗೆಗಳೆಲ್ಲ ಮರದ ಬುಡದಲ್ಲಿ ಸಾಲಾಗಿ ಕೂತವು. ಮಂಚ ಅಡುಗೆಮನೆಯ ಬಾಗಿಲಿಗೆ ಬಂದು ಮುಟ್ಟಿತು. ಪೆಟ್ಟಿಗೆಯ ಬಾಯಿ ತೆಗೆದೊಡನೆ ಮೊದಲು ಹೊರಬಂದ ಹುಳ ಶೋದ್‌ಮೋನನ ಕಿವಿಗೇ ಕಚ್ಚಿತು.

"ಖುಶ್ವಕ್ತಣ್ಣ, ಹೂ ಉದುರಿದ ಮೇಲೆ ಇವನ್ನ ಎತ್ತಿಬಿಡ್ತೀಯಲ್ಲ?" ಎಂದು ಅವನು ಕಿವಿ ಉಜ್ಜಿಕೊಂಡ.

"ಎಲ್ಲಿ ಎತ್ತೋದು? ಹುಳ ಒಂದ್ಸಲ ಜಾಗ ಗುರುತು ಹಿಡೀತು ಅಂದ್ರೆ ಪಕ್ಕದ ಅಂಗಳಕ್ಕೆ ಸರಿಸಿದ್ರೂ ಇಲ್ಲಿಗೇ ಬಂದು ಹುಡುಕ್ತಾವೆ. ಚಳಿ ಬರೋವರೆಗೂ ಇಲ್ಲೇ ಇರ್ಲಿ."

ಅಡುಗೆಮನೆಯ ಹೊಗೆಯಲ್ಲಿ ಶೋದ್‌ಮೋನ್ ಚಹಾದ ಬಟ್ಟಲು ಹಿಡಿದು ಕೂತ. ಸವ್ರಿ ಅವನ ಮುಂದೆ ಈರುಳ್ಳಿಯ ಬುಟ್ಟಿ ಇಟ್ಟು, "ಸುಮ್ನೆ ಕೂತಿದ್ದೀರಲ್ಲ, ಬಿಡಿಸಿ," ಎಂದಳು. ಅರ್ಧ ಬುಟ್ಟಿ ಮುಗಿಯುವಷ್ಟರಲ್ಲಿ ಗೋಡೆಯಾಚೆ ಏನೋ ಎಳೆದ ಸದ್ದಾಯಿತು. ಕಣ್ಣೊರೆಸಿಕೊಂಡು ಎದ್ದು ಇಣುಕಿದ.

ಖುಶ್ವಕ್ತನ ಅಂಗಳದ ಹಿಪ್ಪುನೇರಳೆ ಮರದಡಿ, ಪ್ರತಿ ಬೇಸಿಗೆಯೂ ಜೇನುಪೆಟ್ಟಿಗೆಗಳು ಇರುತ್ತಿದ್ದ ಜಾಗದಲ್ಲಿ, ಹೊಚ್ಚ ಹೊಸ ಮಂಚ ಬಿದ್ದಿತ್ತು. ಖುಶ್ವಕ್ತ್ ದಿಂಬಿಗೊರಗಿ ಕಾಲು ಚಾಚಿದ್ದ.

"ಮದುವೆ ಆದಾಗಿಂದ ಈ ಹುಳಗಳ ಕಾಟಕ್ಕೆ ಅಡುಗೆಮನೇಲಿ ಕೂತೇ ಚಹಾ ಕುಡಿದೆ ಕಣೋ ತಮ್ಮಾ," ಎಂದು ಅವನು ತೃಪ್ತಿಯಿಂದ ಬಟ್ಟಲು ಎತ್ತಿದ. "ಮುಂದಿನ ವರ್ಷನೂ ಧೈರ್ಯವಾಗಿ ಕೊಡಲಿ ಎತ್ತು. ಜಾಮೀನಿಗೆ ನಾನಿದ್ದೀನಿ."