ಒತ್ತೆ ಇಟ್ಟು ಸೋಡಾ ಕುಡಿಯಿರಿ

ನಗು ಬರುವ ಸಂಗತಿಗಳು ನಮ್ಮ ಸೋಡಾ ಅಂಗಡಿಯಲ್ಲಿ ನಡೆಯುತ್ತಲೇ ಇದ್ದವು. ನಕ್ಕು ಮುಗಿಸಿ ನೋಡಿದರೆ ಪ್ರತಿ ಸಲವೂ ಒಂದು ಬಾಟ್ಲಿ ಕಡಿಮೆಯಾಗಿರುತ್ತಿತ್ತು.

ನಾನು ಕುಂದಾಪುರದ ಕಡೆ ಹುಟ್ಟಿದವಳು. ಮದುವೆಯಾಗಿ ರಾಣೆಬೆನ್ನೂರಿಗೆ ಬಂದು ಇಲ್ಲೇ ಮುದುಕಿಯಾದೆ. ನಮ್ಮ ಮನೆಯವರದು ಬಸ್ ಸ್ಟ್ಯಾಂಡಿನ ಹತ್ತಿರ ಗೋಲಿ ಸೋಡಾದ ಅಂಗಡಿ. ಗಾಜಿನ ಬಾಟ್ಲಿ. ಕುಡಿದವರು ವಾಪಸ್ ಕೊಡಬೇಕು, ನಾವು ತೊಳೆದು ಮತ್ತೆ ತುಂಬಬೇಕು. ನಮಗೆ ಬಾಟ್ಲಿ ಕಳಿಸುತ್ತಿದ್ದ ಕಾರ್ಖಾನೆ ಮುಚ್ಚಿಹೋಗಿತ್ತು. "ಇವು ಮುಗದ ದಿನ ಅಂಗಡಿನೂ ಮುಗೀತು" ಎಂದು ಇವರು ದಿನಾ ಸಂಜೆ ಕ್ರೇಟುಗಳ ಮುಂದೆ ನಿಂತು ಹೇಳುತ್ತಿದ್ದರು. ಸೋಡಾ ಮಾಡುವುದು ಬಿಟ್ಟರೆ ಅವರಿಗೆ ಬೇರೇನೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಅದಕ್ಕೇ ಒಂದು ಪದ್ಧತಿ ಮಾಡಿದ್ದರು. ಬಾಟ್ಲಿ ಅಂಗಡಿಯಿಂದಾಚೆ ಒಯ್ಯುವವರು ಮೈಮೇಲಿನದೇನಾದರೂ ಒತ್ತೆ ಇಡಬೇಕು. ರೊಕ್ಕ ಬೇಡ. ರೊಕ್ಕ ಇಟ್ಟವರು ಬಾಟ್ಲಿಯನ್ನು ಕೊಂಡೆವೆಂದೇ ತಿಳಿಯುತ್ತಾರೆ. ಟವೆಲ್ಲು, ಟೊಪ್ಪಿಗೆ ಇಟ್ಟವರು ತಿರುಗಿ ಬರುತ್ತಾರೆ. ಎಲ್ಲರೂ ಅಲ್ಲ.

೧. ಎಡಗಾಲಿನ ಚಪ್ಪಲಿ

ಬ್ಯಾಡಗಿ ಬಸ್ಸಿನಲ್ಲಿ ಕೂತಿದ್ದ ಹೆಂಡತಿಗೆ ಸೋಡಾ ಒಯ್ಯಲು ಒಬ್ಬ ಮೆಣಸಿನಕಾಯಿ ವ್ಯಾಪಾರಿ ಎಡಗಾಲಿನ ಚಪ್ಪಲಿ ಬಿಟ್ಟು ಹೋದ. ಬಸ್ಸು ಹೊರಟಿತು. ಒಂದೇ ಚಪ್ಪಲಿಯಲ್ಲಿ ಓಡಿ ಹತ್ತಿದ. ಬಾಟ್ಲಿಯೂ ಬ್ಯಾಡಗಿಗೆ ಹೋಯಿತು.

ಕೆಲವು ದಿನ ಬಿಟ್ಟು ಹೊಸ ಚಪ್ಪಲಿ ಹಾಕಿಕೊಂಡು ಬಂದ.

"ಬಾಟ್ಲಿ ಎಲ್ಲಪಾ?" ಎಂದರು ಇವರು.

"ಒಡದ ಹೋತ್ರಿ ಕಾಕಾರ."

"ಹಂಗಾರ ಚಪ್ಪಲಿ ಕೊಡಾಂಗಿಲ್ಲ."

"ಬ್ಯಾಡ್ರಿ, ಅದನ್ಯಾರ ಕೇಳಿದ್ರು?" ಎಂದವನೇ ಚೀಲಕ್ಕೆ ಕೈಹಾಕಿ ಬಲಗಾಲಿನ ಹಳೆಯ ಚಪ್ಪಲಿ ತೆಗೆದು ಮೇಜಿನ ಮೇಲಿಟ್ಟ. "ಇದನ್ನೂ ಇಟ್ಕೋರಿ. ಇನ್ನೊಂದು ಸೋಡಾ ಕೊಡ್ರಿ, ಬಸ್ಸಿನ್ಯಾಗ ಕುಡೀತೇನಿ."

ಪದ್ಧತಿ ಅಂದರೆ ಪದ್ಧತಿ. ಕೊಟ್ಟರು. ಎರಡು ಬಾಟ್ಲಿ ಹೋದವು, ಚಪ್ಪಲಿಯ ಜೋಡಿ ಪೂರ್ತಿಯಾಯಿತು. ಅದೂ ಇವರ ಕಾಲಿಗೆ ಸರಿಹೋಗಲಿಲ್ಲ.

೨. ದೇವರ ಜಗುಲಿಯ ಬಾಟ್ಲಿ

ಬಾಟ್ಲಿ ಕಡಿಮೆಯಾದಾಗ ನಾನೇ ಓಣಿ ಓಣಿ ತಿರುಗಿ ಕೇಳತೊಡಗಿದೆ. ಒಂದು ಮನೆಯಲ್ಲಿ ನಮ್ಮದು ದೇವರ ಜಗುಲಿಯ ಮೇಲಿತ್ತು. ಅರಿಷಿಣ, ಕುಂಕುಮ, ಕುತ್ತಿಗೆಗೊಂದು ಚೆಂಡು ಹೂ.

"ಅದು ನಮ್ಮ ಬಾಟ್ಲಿ ಮಾರಾಯ್ರೆ" ಎಂದೆ.

ಆ ಮನೆಯಾಕೆ ಎದೆ ಹಿಡಿದುಕೊಂಡಳು. "ಯವ್ವಾ, ಹಂಗನಬ್ಯಾಡ್ರಿ! ಐರಣಿಗೆ ಹೋಗಿ ಹೊಳಿ ನೀರು ತುಂಬಿಸಿಕೊಂಡ ಬಂದೇವಿ. ದಿನಾ ಪೂಜಿ ಆಗತೈತಿ. ಈಗ ಒಯ್ದರ ದೇವರನ್ನ ಎಬ್ಬಿಸಿಧಂಗ ಅಕ್ಕೈತಿ."

"ನೀರನ್ನು ತಂಬಿಗೆಗೆ ಹಾಕಿಕೊಳ್ಳಿ."

"ತಂಬಿಗ್ಯಾಗ ಗೋಲಿ ಇರತೈತೇನ್ರಿ? ಅದು ಸಾಲಿಗ್ರಾಮ ಇದ್ದಂಗ ಐತಿ."

ಆಕೆಯ ಅತ್ತೆ ಒಳಗಿನಿಂದ ಬಂದು ಬಾಟ್ಲಿ ಬಗ್ಗಿಸಿ ನನ್ನ ಅಂಗೈಗೆ ತೀರ್ಥ ಹಾಕಿದರು. ನನ್ನದೇ ಬಾಟ್ಲಿಗೆ ಕೈಮುಗಿದು, ತಟ್ಟೆಗೆ ದಕ್ಷಿಣೆ ಹಾಕಿ ಬಂದೆ.

೩. ಹಲ್ಲಿನ ಸೆಟ್ಟು

ಒಂದು ಬಾಟ್ಲಿ ಮಾತ್ರ ನೆಟ್ಟಗೆ ತಿರುಗಿ ಬಂತು, ಅದನ್ನೂ ಹೇಳಬೇಕು. ಎದುರಿನ ಕಲ್ಯಾಣ ಮಂಟಪಕ್ಕೆ ಮದುವೆಗೆಂದು ಮೋಟೆಬೆನ್ನೂರಿನಿಂದ ಬಂದ ಅಜ್ಜನ ಬಳಿ ಒತ್ತೆಗೆ ಏನೂ ಇರಲಿಲ್ಲ. ಬಾಯಿಗೆ ಕೈಹಾಕಿ ಹಲ್ಲಿನ ಸೆಟ್ಟು ತೆಗೆದು ಲೋಟದಲ್ಲಿಟ್ಟು ಹೋದರು. ಸೋಡಾ ಕುಡಿಯಲು ಹಲ್ಲು ಬೇಕಿಲ್ಲವಲ್ಲ.

ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಖಾಲಿ ಬಾಟ್ಲಿ ಹಿಡಿದು ಬಂದರು. "ಹಲ್ಲು ಕೊಡ್ರಿ. ಊಟಕ್ಕ ಕುಂತಾರ. ಹೋಳಿಗಿ ಬಡಸ್ಯಾರ, ಸಿಟ್ಟಿಗೆದ್ದು ನನಗ ಬೈಯಾಕತ್ತಾರ."

"ಏನಂತ ಬೈತಾರ?" ಎಂದರು ಇವರು.

"ಯಾಂವಗ ಗೊತ್ರಿ, ಒಂದ ಮಾತೂ ತಿಳಿವಲ್ದು." ಅಷ್ಟು ಹೇಳಿ ಆಕೆ ಲೋಟದೊಳಗಿನ ಹಲ್ಲಿನ ಕಡೆ ನೋಡಿದರು. ಮುಖ ನಿಧಾನವಾಗಿ ಅರಳಿತು. ಬಾಟ್ಲಿಯನ್ನು ನನ್ನ ಕೈಗಿಟ್ಟು ಬೆಂಚಿನ ಮೇಲೆ ಕೂತರು. "ಹಲ್ಲು ಸಂಜೀಮಟಾ ಇಲ್ಲೇ ಇರಲಿ ಬಿಡ್ರಿ ಅಕ್ಕಾರ. ನನಗೊಂದು ಸೋಡಾ ಕೊಡ್ರಿ."

೪. ಹಾವೇರಿಯ ಸನ್ಮಾನ

ಪ್ಲಾಸ್ಟಿಕ್ ಬಾಟ್ಲಿ ಬಿಟ್ಟು ಗಾಜಿನ ಬಾಟ್ಲಿ ಬಳಸಿ ಮರಳಿಸಬೇಕೆಂದು ಸಾರಲು ಹಾವೇರಿಯಲ್ಲೊಂದು ಕಾರ್ಯಕ್ರಮ. ನಡೆಸುವವರು ಅಂಗಡಿಗೇ ಬಂದರು. "ಅಜ್ಜಾರ, ನಿಮಗ ಸನ್ಮಾನ ಐತ್ರಿ. ಬರೂಮುಂದ ಸೋಡಾ ತರ್ರಿ, ಮಂದಿಗೆ ಕುಡಿಸೂಣು" ಎಂದರು. ಹೋಗುವಾಗ ನೋಡಲಿಕ್ಕೆಂದು ಒಂದು ಬಾಟ್ಲಿ ಒಯ್ದರು.

ಇವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಉಳಿದಿದ್ದ ಕ್ರೇಟುಗಳನ್ನೆಲ್ಲ ಟೆಂಪೋಕ್ಕೆ ಹೇರಿಸಿದರು. "ಇಷ್ಟೂ ಯಾಕೆ?" ಎಂದೆ. "ಬಾಟ್ಲಿ ತಿರುಗಿ ಕೊಡಬೇಕನ್ನೂ ಮಂದಿನ ಬರೂದು. ಅಲ್ಲಿ ಯಾಕ ಹೆದರಬೇಕು?" ಎಂದರು.

ಮುಖ್ಯ ಅತಿಥಿಗಳು ನಮ್ಮ ಬಾಟ್ಲಿಯನ್ನು ಎತ್ತಿ ಹಿಡಿದು ಬಹಳ ಹೊತ್ತು ಮಾತಾಡಿದರು. ಚಪ್ಪಾಳೆ ಬಿದ್ದವು. ವೇದಿಕೆಯಿಂದ ಇಳಿದು ಅದನ್ನು ಕಾರಿನಲ್ಲಿಟ್ಟುಕೊಂಡರು. ಅವರನ್ನು ನೋಡಿ ಸೋಡಾ ಕುಡಿದವರೆಲ್ಲರೂ ಹಾಗೇ ಮಾಡಿದರು. "ಸಣ್ಣವರಿದ್ದಾಗ ಕುಡೀತಿದ್ವಿ, ನೆನಪಿಗಿರಲಿ" ಎಂದರು ಒಬ್ಬರು. "ಶೋಕೇಸಿಗೆ ಛಂದ ಕಾಣತೈತಿ" ಎಂದರು ಇನ್ನೊಬ್ಬರು. ಅಂಥವರ ಹೆಗಲಿನ ಶಾಲು ಇಳಿಸಿ ಒತ್ತೆ ಇಡಿಸಿಕೊಳ್ಳಲಾದೀತೇ? ನಾನು ಬಾಗಿಲಲ್ಲಿ ನಿಂತು, "ಬಾಟ್ಲಿ ಕೊಡಿ, ಬಾಟ್ಲಿ ಕೊಡಿ" ಎಂದು ಕೈಯೊಡ್ಡಿದೆ. ಕಸ ಆಯುವವಳೆಂದು ತಿಳಿದು ಒಬ್ಬರು ಖಾಲಿ ಪ್ಲಾಸ್ಟಿಕ್ ಬಾಟ್ಲಿ ಕೊಟ್ಟು ಹೋದರು.

ಖಾಲಿ ಕ್ರೇಟುಗಳ ಸದ್ದು ಕೇಳುತ್ತ ಮರಳಿದೆವು. ಮನೆಯಲ್ಲಿ ಸನ್ಮಾನದ ಕಾಣಿಕೆ ಬಿಚ್ಚಿದರೆ ಅದರಲ್ಲಿ, ಕಾರ್ಯಕ್ರಮದವರು ನೋಡಲಿಕ್ಕೆ ಒಯ್ದಿದ್ದ ನಮ್ಮದೇ ಬಾಟ್ಲಿ! ಹಲಗೆಗೆ ಅಂಟಿಸಿದ್ದರು. ಬಿಸಿನೀರು ಹಾಕಿದೆವು, ಚಾಕು ಹಾಕಿದೆವು. ಅಲುಗಲಿಲ್ಲ. ಇವರು ಚಾಕು ಕೆಳಗಿಟ್ಟು, "ನಮ್ಮ ಗಿರಾಕಿಗೋಳೂ ಇಷ್ಟು ಗಟ್ಟಿ ಹಿಡದಿದ್ದಿಲ್ಲ" ಎಂದರು.

ಮರುದಿನ ಅಂಗಡಿ ತೆರೆಯಲಿಲ್ಲ. ಬಾಟ್ಲಿಗೆ ಗ್ಯಾಸು ತುಂಬುವ ಮಷೀನಿಗೆ ಹಳೆಯ ಚಾದರ ಹೊದಿಸಿ, ಅದರ ಪಕ್ಕದಲ್ಲೇ ಕೂತಿರುತ್ತಿದ್ದರು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಹಾಗೆ ಕೂತಿದ್ದಾಗಲೇ ಒಂದು ದಿನ ಫೋನು ಬಂತು. ಹಾವೇರಿಯವರೇ. "ಅಜ್ಜಾರ, ಕಾರ್ಯಕ್ರಮ ಭಾಳ ಛಲೋ ಆತ್ರಿ. ಬ್ಯಾಡಗಿಯೊಳಗೂ ಒಂದು ಮಾಡಬೇಕಂತ ಮಾಡೇವಿ. ಮತ್ತ ಸೋಡಾ ತರ್ತೀರಲ್ರಿ?"

ಇವರು ಸ್ವಲ್ಪವೂ ಸಿಟ್ಟಾಗದೆ, ಗಿರಾಕಿಗೆ ಹೇಳುವ ಹಾಗೆ ಹೇಳಿದರು:

"ಆತ್ರಿ, ಬರ್ತೇನಿ. ನೀವು ಬಾಟ್ಲಿ ತರ್ರಿ, ನಾ ಗ್ಯಾಸು ತರ್ತೇನಿ."