ಹತ್ತು ಸಾವಿರಕ್ಕೆ ಬಗ್ಗದ ಭಾಮೈದ

ಎಂಬತ್ತು ಸಾವಿರ ರೂಪಾಯಿಯ ಚಾಕಿ ಹುಳು, ಒಂದು ವ್ಯಾನು, ಸ್ಟೀರಿಂಗ್ ಹಿಂದೆ ನನ್ನ ಹೆಂಡತಿಯ ತಮ್ಮ. ತಿಂಗಳಿಗೆ ನಾಲ್ಕು ಸಲ ನಾನು ರಸ್ತೆಗೆ ಬಿಡುತ್ತಿದ್ದ ಬಂಡವಾಳ ಇಷ್ಟು. ಶಿಡ್ಲಘಟ್ಟದಲ್ಲಿ ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳುಗಳನ್ನು, ಅಂದರೆ ಈ ಚಾಕಿಯನ್ನು, ಎಂಟು ಹತ್ತು ದಿನ ಸಾಕಿ, ಟ್ರೇಗಳಲ್ಲಿ ರೈತರ ಮನೆಗೆ ಮುಟ್ಟಿಸುವುದು ನನ್ನ ವ್ಯಾಪಾರ. ಹೊತ್ತಿಗೆ ಸರಿಯಾಗಿ ಹಿಪ್ಪುನೇರಳೆ ಸೊಪ್ಪು ಬೀಳದಿದ್ದರೆ ಅದು ಸರಕಲ್ಲ, ಗೊಬ್ಬರ. ಅಂಥದ್ದನ್ನು ಕುಡುಕನ ಕೈಗೆ ಕೊಟ್ಟವನಿಗೆ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಬಿಡಿಸಿಬಿಡು ಅನ್ನುತ್ತೀರಿ. ಅವನಿಗೆ ಕೆಲಸ ಬಿಡಿಸಿದರೆ ಮನೆಯಲ್ಲಿ ನನಗೆ ಊಟ ಬಿಡಿಸುತ್ತಾರೆ.

ರಸೀದಿ

ಕುಡಿದು ಓಡಿಸಿದರೆ ಎರಡು ಸಾವಿರವಿದ್ದ ದಂಡ ಹತ್ತು ಸಾವಿರ ಆದಾಗ ಹೋಟೆಲಿನಲ್ಲಿ ನಾಲ್ಕು ಜನಕ್ಕೆ ಕಾಫಿ ಕುಡಿಸಿದವನು ನಾನು. "ನೋಡ್ತಾ ಇರ್ರಪ್ಪ, ಇನ್ನು ಒಬ್ಬನೂ ಮುಟ್ಟಲ್ಲ" ಅಂದಿದ್ದೆ. ಸ್ವಲ್ಪ ದಿನಕ್ಕೇ ಚಿಂತಾಮಣಿ ರಸ್ತೆಯಲ್ಲಿ, ಬೆಳಗ್ಗೆ ಹತ್ತು ಗಂಟೆಗೆ, ಪೊಲೀಸರು ನನ್ನ ವ್ಯಾನನ್ನೇ ನಿಲ್ಲಿಸಿ ಭಾಮೈದನನ್ನು ಊದಿಸಿದರು.

ಠಾಣೆಯಿಂದ ಫೋನು. "ಗಾಡಿ ಹಿಡ್ಕೊಂಡಿದೀವಿ ಸ್ವಾಮಿ. ಒಳಗೇನೋ ಹರಿದಾಡ್ತಾ ಇದೆ, ಬೇಗ ಬನ್ನಿ."

ಕೋರ್ಟಿನಲ್ಲಿ ಹತ್ತು ಸಾವಿರ ಕಟ್ಟಿದವನೂ ನಾನೇ. ಹಲ್ಲು ಕಡಿಯುತ್ತಾ ಮನೆಗೆ ಬಂದರೆ ನೆಂಟರೆಲ್ಲ ಸೇಬು, ಬ್ರೆಡ್ಡು ಹಿಡಿದು ಬಂದಿದ್ದಾರೆ. ಅತ್ತೆ ಮೆಣಸಿನಕಾಯಿ ನಿವಾಳಿಸಿ ಮಗನಿಗೆ ದೃಷ್ಟಿ ತೆಗೆಯುತ್ತಿದ್ದಾರೆ. ರಸೀದಿ ಮದುವೆ ಫೋಟೋದ ಹಾಗೆ ಕೈಯಿಂದ ಕೈಗೆ ಹೋಗುತ್ತಿದೆ. ಅವನ ಚಿಕ್ಕಪ್ಪ ಕನ್ನಡಕ ಏರಿಸಿ ಓದಿದರು. "ಹತ್ತು ಸಾವಿರ! ನಮ್ಮ ವಂಶದಲ್ಲಿ ಇಷ್ಟು ದೊಡ್ಡ ರಸೀದಿ ಯಾರ ಹೆಸರಿಗೂ ಬಂದಿರಲಿಲ್ಲ."

ಸೈಕಲ್ಲು

ಎರಡನೇ ಸಲ ಗೌರಿಬಿದನೂರಿನ ಹತ್ತಿರ. ಈ ಸಲ ನಗುವ ವಿಷಯವಲ್ಲ. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಅಜ್ಜನ ಸೈಕಲ್ಲಿಗೆ ಗುದ್ದಿದ್ದ. ಸೈಕಲ್ಲು ಹಪ್ಪಳ, ಅಜ್ಜನ ಕಾಲು ಎರಡು ತುಂಡು. ಒಂದು ಗೇಣು ಆಚೀಚೆ ಆಗಿದ್ದರೆ ನಾನು ಹಾರ ತಗೊಂಡು ಹೋಗಬೇಕಿತ್ತು. ಎರಡನೇ ತಪ್ಪು ಅಂತ ದಂಡ ಹದಿನೈದು ಸಾವಿರ. ಲೈಸೆನ್ಸೂ ಆರು ತಿಂಗಳು ಅಮಾನತು.

ಪಟ್ಟಿ ಬಿಚ್ಚಿದ ಮೇಲೆ ಅಜ್ಜ ಕೋಲೂರಿಕೊಂಡು ಬಂದ. "ಏಮಪ್ಪಾ, ನನ್ನ ಸೈಕಲ್ಲಿಗೇನು ದಾರಿ?"

ನಾನು ಬಾಯಿ ತೆರೆಯುವ ಮೊದಲೇ ಭಾಮೈದ ಎದೆಯುಬ್ಬಿಸಿದ. "ಸರ್ಕಾರಕ್ಕೆ ಹದಿನೈದು ಸಾವಿರ ಕಟ್ಟಿದೀವಿ ಕಣಜ್ಜ!"

ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅಯ್ಯೋ ಪಾಪ. ಸರ್ಕಾರಕ್ಕೂ ಕಾಲು ಮುರೀತಾ?"

ಹೊಸ ಸೈಕಲ್ಲನ್ನು ನಾನೇ ಕೊಡಿಸಿದೆ. ಆವತ್ತು ಆ ಕೋಲು ಕಿತ್ತುಕೊಂಡು ಇವನಿಗೆ ನಾಲ್ಕು ಬಾರಿಸಲಿಲ್ಲವಲ್ಲ ಅಂತ ಈಗಲೂ ಕೈ ತುರಿಸುತ್ತದೆ.

ಲೆಕ್ಕ

ಆರು ತಿಂಗಳು ವ್ಯಾನು ನಾನೇ ಓಡಿಸಿದೆ. ಶಿಕ್ಷೆ ಅವನಿಗೆ, ದುಡಿಮೆ ನನಗೆ. ಅವನು ಪಕ್ಕದಲ್ಲಿ ಕೂತು "ಗೇರ್ ಹಾಗೆ ಹಾಕಬಾರದು ಭಾವ" ಅಂತ ಪಾಠ ಹೇಳುತ್ತಿದ್ದ.

ಒಂದು ದಿನ ತಡೆಯಲಾರದೆ ಕೇಳಿದೆ. "ಹದಿನೈದು ಸಾವಿರ ಕಣೋ! ನಿನಗೆ ಭಯಾನೇ ಇಲ್ವಾ?"

"ಕೋಪ ಮಾಡ್ಕೋಬೇಡಿ ಭಾವ. ಅವರು ಹಿಡಿಯೋದು ವರ್ಷಕ್ಕೊಂದು ಸಲ. ದಿನಕ್ಕೆ ಹಂಚಿ ನೋಡಿ, ನಲವತ್ತೊಂದು ರೂಪಾಯಿ. ನಾನು ನೆಂಚಿಕೊಳ್ಳೋ ಕಡ್ಲೆಬೀಜಕ್ಕೇ ಅದಕ್ಕಿಂತ ಜಾಸ್ತಿ ಆಗುತ್ತೆ."

ಮೂವತ್ತು ವರ್ಷ ವ್ಯಾಪಾರ ಮಾಡಿದವನು ನಾನು. ಕ್ಯಾಲ್ಕ್ಯುಲೇಟರ್ ತೆಗೆದು ಒತ್ತಿದೆ. ಮೈ ಉರಿದುಹೋಯಿತು. ಲೆಕ್ಕ ಸರಿಯಾಗಿತ್ತು.

ಊದಿ

ಲೈಸೆನ್ಸ್ ವಾಪಸ್ ಬಂತು, ಅವನೂ ಸ್ಟೀರಿಂಗಿಗೆ ವಾಪಸ್ ಬಂದ. ಮೊದಲ ಲೋಡು ಮಂಡಿಕಲ್ ಕಡೆಗೆ. ಹತ್ತೂವರೆಗೆ ಅಲ್ಲಿಯ ರೈತನ ಹೆಂಡತಿ ಫೋನ್ ಮಾಡಿದರು. "ನಿಮ್ಮವನನ್ನ ಗೇಟಲ್ಲೇ ನಿಲ್ಸಿದೀನಿ. ನಾರ್ತಾ ಇದಾನೆ. ಒಂದು ಗಂಟೆ ಒಳಗೆ ಟ್ರೇ ಒಳಗೆ ಬರಬೇಕು. ಇಲ್ಲಾಂದ್ರೆ ನಾನೂ ತಗೊಳ್ಳಲ್ಲ, ಈ ಬೀದೀಲಿ ಬೇರೆಯವರೂ ತಗೊಳ್ಳಲ್ಲ."

ಬೀದಿ ಪೂರ್ತಿ ನನ್ನ ಗಿರಾಕಿ. ಎಂಬತ್ತು ಸಾವಿರ ಬಿಸಿಲಲ್ಲಿ ನಿಂತಿದೆ. ಬೈಕ್ ಹತ್ತಿ ಓಡಿದೆ. ಭಾಮೈದ ವ್ಯಾನಿನ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ. ನಾನೇ ಒಂದು ಟ್ರೇ ಹೊತ್ತು ಹುಳದ ಮನೆ ಬಾಗಿಲಿಗೆ ಹೋದೆ. ಆಯಮ್ಮ ಅಡ್ಡ ನಿಂತರು.

"ಊದಿ."

"ನಾನು ಜನ್ಮದಲ್ಲಿ ಕುಡಿದವನಲ್ಲಮ್ಮ!"

"ಎಲ್ಲರೂ ಹಂಗೇ ಅಂತಾರೆ. ಊದಿ."

ಊದಿದೆ. ಅವರು ಮೂಗು ಮುಚ್ಚಿಕೊಂಡರು. "ಜರ್ದಾ! ಹೊಗೆಸೊಪ್ಪು ಹುಳಕ್ಕೆ ವಿಷ ಅಂತ ನಿಮಗೆ ಗೊತ್ತಿಲ್ವಾ? ನೀವು ಹುಳ ಮಾರೋರಾ? ಆಚೆ ನಡೀರಿ."

ಕೊನೆಗೆ ಟ್ರೇ ಎಲ್ಲ ಒಳಗೆ ಸಾಗಿಸಿದವನು ಅವರ ಗಂಡ. ಒಂದು ಕಾಲಕ್ಕೆ ಸಾದಲಿಯವರೆಗೂ ಹೆಸರು ಮಾಡಿದ್ದ ಕುಡುಕ. "ನಿನ್ನ ಹೆಂಗಪ್ಪ ಒಳಗೆ ಬಿಟ್ರು?" ಅಂದೆ.

"ಸೊಪ್ಪು ಹಾಕೋ ಮುಂಚೆ ದಿನಕ್ಕೆ ಮೂರು ಸಲ ಊದಿಸ್ತಾಳೆ ಸ್ವಾಮಿ. ವಾಸನೆ ಬಂದ್ರೆ ಒಂದು ಹೊತ್ತು ಊಟ ಇಲ್ಲ."

"ಅಷ್ಟೇನಾ ಶಿಕ್ಷೆ?"

"ಅಷ್ಟೇ. ಆದ್ರೆ ಒಂದು ಸಲಾನೂ ಮರೆಯಲ್ಲ ನೋಡಿ, ಅದೇ ಕಷ್ಟ."

ಆ ರಾತ್ರಿ ಇದನ್ನೆಲ್ಲ ಹೆಂಡತಿಗೆ ಹೇಳಿದ್ದು ನನ್ನ ತಪ್ಪು. ಬೆಳಗ್ಗೆ ನೋಡಿದರೆ ವಾಹನದ ಕೀಗಳೆಲ್ಲ ಅವಳ ಸೆರಗಿನ ಗಂಟಿನಲ್ಲಿವೆ. ವಾಸನೆ ಇದ್ದರೆ ಕೀ ಇಲ್ಲ, ಆ ಹೊತ್ತಿನ ಮುದ್ದೆಯೂ ಇಲ್ಲ. ತಮ್ಮನನ್ನು ಮೂರು ದಿನ ಉಪವಾಸ ಕೆಡವಿದಳು. ನಾಲ್ಕನೇ ದಿನ ಅವನು ಪರಿಶುದ್ಧವಾಗಿ ಊದಿ ಕೀ ಇಸಕೊಂಡ. ನಾಲ್ಕು ತಿಂಗಳಾಯಿತು, ದಿನಾ ಹಾಗೇ ಇಸಕೊಳ್ಳುತ್ತಿದ್ದಾನೆ. ಒಂದು ಟ್ರೇ ಹುಳು ಸತ್ತಿಲ್ಲ, ಯಾರ ಕಾಲೂ ಮುರಿದಿಲ್ಲ.

ಆ ನಾಲ್ಕನೇ ದಿನ ನಾನೂ ಜರ್ದಾ ಅಗಿಯುತ್ತಾ ಬೈಕಿನ ಕೀಗೆ ಕೈ ಚಾಚಿದ್ದೆ.

"ನೀವೂ ಊದ್ರೀ" ಅಂದಳು.

ಹೋದದ್ದು ದಂಡ ಇಪ್ಪತ್ತೈದು ಸಾವಿರ, ಮೇಲೊಂದು ಸೈಕಲ್ಲು. ಬಂದದ್ದು ಇಷ್ಟು: ಭಾಮೈದ ವ್ಯಾನಿನಲ್ಲಿ ಹೋಗುತ್ತಾನೆ, ನಾನು ಹಸಿದುಕೊಂಡು ನಡೆದು ಹೋಗುತ್ತೇನೆ.